ಸಂಕದ ವಂತಿಗೆ

ಪ್ರೀತಿಯ ಗಣಪತಿ,

ಮೊನ್ನೆ ಫೋನಿನಲ್ಲಿ ನೀನು ಸಿಟ್ಟಾಗಿದ್ದೆ. "ದುಡಿದದ್ದರಲ್ಲಿ ಶೇ 30 ತೆರಿಗೆಗೇ ಹೋಗುತ್ತದೆ. ಅದಕ್ಕೂ ಒಂದು ಮಿತಿ ಬೇಡವಾ ಮಾರಾಯ? ಇದಕ್ಕಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ ಅಂತ ಬರೆದಿಟ್ಟುಬಿಡಲಿ" ಎಂದೆ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಈಗ ಮಳೆ ಹಿಡಿದಿದೆ, ಶಿರಸಿ ಪೇಟೆಗೆ ಹೋಗುವ ಕೆಲಸವೂ ಇಲ್ಲ. ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ.

ನಮ್ಮೂರ ಹಳ್ಳ ದಾಟುವ ಕಾಲುಸಂಕ, ಆ ಕಿರುಸೇತುವೆ, ನೆನಪಿದೆಯಲ್ಲ? ಈ ಬೇಸಿಗೆಯಲ್ಲಿ ಅದನ್ನು ಹೊಸದಾಗಿ ಹಾಕಿದೆವು. ಹದಿನಾಲ್ಕು ಮನೆಯವರು ಸೇರಿದಾಗ 'ಮನೆಗೆ ಎಷ್ಟು' ಎಂದು ಯಾರೂ ಮೊದಲು ಕೇಳಲಿಲ್ಲ. ವರ್ಷವರ್ಷ ಬದಲಿಸುವ ಅಡಿಕೆ ಮರದ್ದೇ ಸಾಕೋ, ಕಬ್ಬಿಣದ್ದು ಬೇಕೋ ಎಂಬಲ್ಲೇ ಎರಡು ತಾಸು ಹೋಯಿತು. ಶಾಲೆಗೆ ಹೋಗುವ ಮಕ್ಕಳಿದ್ದಾರೆ, ಕಬ್ಬಿಣದ್ದೇ ಆಗಲಿ ಎಂದಾಯಿತು. ಆಮೇಲೆ ಖರ್ಚಿನ ಅಂದಾಜು, ಅದರ ಮೇಲೆ ವಂತಿಗೆ, ಅದೂ ತೋಟದ ಎಕರೆ ನೋಡಿ. ತೋಟವಿಲ್ಲದವರು ಎರಡು ದಿನ ಮೈಮುರಿದು ದುಡಿದರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇರುವ ಮೇಲಿನಮನೆ ಅತ್ತಿಗೆಗೆ ಬೇಡವೆಂದರೂ ಕೇಳಲಿಲ್ಲ. ಐನೂರರ ನೋಟನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟರು. ಕೆಲಸ ಮುಗಿದ ದಿನ ಬೋಲ್ಟು, ನಟ್ಟಿನವರೆಗೆ ಲೆಕ್ಕ ಓದಿದೆ. ಯಾರೂ ತಕರಾರು ತೆಗೆಯಲಿಲ್ಲ.

ಮಿತಿಯನ್ನೇ ಮೊದಲು ಬರೆದಿಟ್ಟಿದ್ದರೆ ಮಕ್ಕಳು ಈ ಮಳೆಗಾಲದಲ್ಲೂ ಜಾರುವ ಅಡಿಕೆ ಮರದ ಮೇಲೇ ದಾಟಬೇಕಿತ್ತು. ಎಷ್ಟು ಕೊಡಬೇಕೆಂಬುದು ಏನು ಬೇಕೆಂಬುದರ ಹಿಂದಿನಿಂದ ಬರಬೇಕು ಗಣಪತಿ.

ದೇಶದ ಜನರೆಲ್ಲ ಜಗುಲಿಯಲ್ಲಿ ಕೂರಲಾಗದು, ನಿಜ. ಅದಕ್ಕೇ ಕಾನೂನಿನ ಅಧಿಕಾರವಿಲ್ಲದೆ ತೆರಿಗೆ ಹಾಕುವಂತಿಲ್ಲ ಎಂದು ಸಂವಿಧಾನದ 265ನೇ ವಿಧಿ ಹೇಳುವುದು. ನಾವು ಆರಿಸಿದವರು ಒಪ್ಪಬೇಕು. ಒಪ್ಪಿಗೆ ಕೇಳದ ಬ್ರಿಟಿಷ್ ಸರ್ಕಾರಕ್ಕೆ 1930ರ ದಶಕದ ಆರಂಭದಲ್ಲಿ ನಮ್ಮ ಉತ್ತರ ಕನ್ನಡದ ಅಂಕೋಲಾ, ಸಿದ್ದಾಪುರದ ರೈತರು ಕಂದಾಯ ಕೊಡಲಿಲ್ಲ. ಕರನಿರಾಕರಣೆಗೆ ಬೆಲೆಯಾಗಿ ಜಮೀನು ಜಪ್ತಿಯಾಯಿತು, ಜೈಲಿಗೂ ಹೋದರು. ಅದೇ ಜಿಲ್ಲೆಯ ನಾವು ಬಜೆಟ್ ದಿನ ಯಾವುದು ಅಗ್ಗ, ಯಾವುದು ತುಟ್ಟಿ ಎಂದಷ್ಟೇ ನೋಡಿ ಟಿವಿ ಆರಿಸುತ್ತೇವೆ. ನನಗೆ ಸಂಕಟವಾಗುವುದು ಇಲ್ಲಿ.

ನೀನು ಹೇಳಿದ ಶೇ 30, ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ವರ್ಷದ ಆದಾಯ 24 ಲಕ್ಷ ದಾಟಿದ ಭಾಗಕ್ಕಷ್ಟೇ. ನಮ್ಮ ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವವನು ಸಾಬೂನಿಗೆ 2025ರ ಸೆಪ್ಟೆಂಬರ್‌ವರೆಗೆ ಶೇ 18 ಜಿಎಸ್‌ಟಿ ಕೊಡುತ್ತಿದ್ದ, ನೀನು ಕೊಟ್ಟಷ್ಟೇ. ಈಗ ಅದು 5ಕ್ಕೆ ಇಳಿದದ್ದು ಒಳ್ಳೆಯದಾಯಿತು. ನನ್ನ ಅಡಿಕೆಯ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ. ದೊಡ್ಡ ತೋಟದವರೂ ಕೊಡಬೇಕೆಂದು ಇಲ್ಲಿ ಹೇಳಿದರೆ ಮಾತು ಬಿಡುವವರಿದ್ದಾರೆ. ಆದರೂ ಹೇಳುತ್ತೇನೆ, ಎಕರೆ ನೋಡಿ ವಂತಿಗೆ ಹಾಕುವ ಊರಿನವನು ನಾನು.

2022ರ ಜುಲೈ ನೆನಪಿದೆಯಾ? ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಇಲ್ಲದೆ ಹೊನ್ನಾವರದಿಂದ ರೋಗಿಯನ್ನು ಪಕ್ಕದ ಉಡುಪಿ ಜಿಲ್ಲೆಗೆ ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಪಲ್ಟಿಯಾಯಿತು. ಆಸ್ಪತ್ರೆ ಕೊಡದಿದ್ದರೆ ಮತವಿಲ್ಲ ಎಂದು ಇಡೀ ಜಿಲ್ಲೆ ಕೂಗಿತು. ಏನು ಬೇಕೆಂದು ನಾವು ಅಷ್ಟು ಸ್ಪಷ್ಟವಾಗಿ ಹೇಳಿದ್ದು ಅಪರೂಪ. ಆದರೆ ಅದನ್ನು ವರ್ಷವರ್ಷ ನಡೆಸಲು ಎಷ್ಟು ಬೇಕು, ಯಾರು ಎಷ್ಟು ಕೊಡಬಲ್ಲರು ಎಂದು ನನ್ನನ್ನಂತೂ ಯಾರೂ ಕೇಳಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಎಕರೆಗೆ ಇಷ್ಟು ಎಂದು ಕೇಳಲಿ, ವರ್ಷಕ್ಕೊಮ್ಮೆ ಎದುರಿಗೆ ಲೆಕ್ಕ ಓದಲಿ, ನಾನು ಕೊಡುತ್ತೇನೆ. ನಿನ್ನ ಅಮ್ಮನೂ ಇಲ್ಲೇ ಇದ್ದಾರೆ. ನೀನು ಎಷ್ಟು ಕೊಡುತ್ತೀಯ, ಬರೆ.

ನಿನ್ನ ಗೆಳೆಯ