ಜೇಬಿನಲ್ಲಿಡಲು ಒಂದು ಕಾರ್ಡ್ ಕೊಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಒಂದೂವರೆ ವರ್ಷದಿಂದ ದಿನಾ ಬೆಳಿಗ್ಗೆ ತಿಂಡಿ ಆದ ಮೇಲೆ ಪುಟ್ಟ ಬಿಳಿ ಮಾತ್ರೆ ನುಂಗುತ್ತಿದ್ದೇನೆ. ಹೆಸರು ಪ್ರೆಡ್ನಿಸೊಲೋನ್. ಸ್ಟೀರಾಯ್ಡ್ ಜಾತಿಯದು. ನಾಲಿಗೆ ಮೇಲೆ ಒಂದು ಕ್ಷಣ ಜಾಸ್ತಿ ಉಳಿದರೂ ಬಾಯೆಲ್ಲ ಕಹಿ.

ಆ ಮಾತ್ರೆಯನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ. ಅದು ನನ್ನ ಕಿಡ್ನಿ ಉಳಿಸಿದೆ. ಅದರ ಜೊತೆ ಬದುಕುವುದು ಹೇಗೆ ಅಂತ ಯಾರೂ ಹೇಳಲಿಲ್ಲವಲ್ಲ, ನನ್ನ ತಕರಾರು ಅಷ್ಟೇ.

ನನಗಿರುವುದು ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವ ಕಾಯಿಲೆ. ಬೆಳಿಗ್ಗೆ ಎದ್ದರೆ ಕಣ್ಣಿನ ಸುತ್ತ ಊತ. ಸಂಜೆಗೆ ಕಾಲು ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು. ದಿನಕ್ಕೆ 60 ಮಿಲಿಗ್ರಾಂ ಶುರು ಮಾಡಿದರು. ಮೂರನೇ ವಾರಕ್ಕೆ ಊತ ಇಳಿಯಿತು. ಮೂತ್ರದಲ್ಲಿ ಅದ್ದಿ ನೋಡುವ ಪಟ್ಟಿ ಇದೆಯಲ್ಲ, ಪ್ರೋಟೀನ್ ಇದ್ದರೆ ಹಸಿರಾಗುತ್ತದೆ. ಅದು ಹಳದಿಯಾಗಿಯೇ ಉಳಿದ ದಿನ ನಾನು ಅದನ್ನು ಬೆಳಕಿಗೆ ಹಿಡಿದು ಮೂರು ಸಲ ನೋಡಿದೆ.

ಇನ್ನೊಂದು ತಿಂಗಳಿಗೆ ಮುಖ ಊದತೊಡಗಿತು. ಕೆನ್ನೆ ತುಂಬಿತು, ಗಲ್ಲ ಎರಡಾಯಿತು. ಕಾಯಿಲೆ ವಾಪಸ್ ಬಂತು ಅಂದುಕೊಂಡೆ. ಒಂದೇ ದಿನ ನಾಲ್ಕು ಪಟ್ಟಿ ಅದ್ದಿದೆ. ನಾಲ್ಕೂ ಹಳದಿ. ಪಟ್ಟಿಗಳೇ ಹಾಳಾಗಿವೆ ಅಂತ ಹೊಸ ಡಬ್ಬ ತರಿಸಿದೆ. ಅದೂ ಹಳದಿ. ಕೊನೆಗೆ ರಕ್ತ ತೆಗೆಯಲು ಬಂದ ನರ್ಸ್ ನನ್ನ ಮುಖ ನೋಡಿ, "ಇದು ಮಾತ್ರೆ ಮುಖ ಮೇಡಂ, ಡೋಸ್ ಇಳಿದ್ರೆ ತಾನಾಗೇ ಇಳಿಯತ್ತೆ" ಅಂದರು. ಸಿರಿಂಜಿನ ಮುಚ್ಚಳ ತೆಗೆಯುತ್ತಾ ಹೇಳಿದ ಒಂದು ಮಾತು. ಅದನ್ನೇ ಮೊದಲ ದಿನ ಯಾರಾದರೂ ಹೇಳಿದ್ದರೆ ಒಂದು ತಿಂಗಳ ಭಯ ತಪ್ಪುತ್ತಿತ್ತು.

ಅದೇ ಸಮಯದಲ್ಲಿ ಒಂದು ಕಚೇರಿಯ ಕೌಂಟರಿನಲ್ಲಿ ಗುಮಾಸ್ತರೊಬ್ಬರು ಗುರುತಿನ ಚೀಟಿಯ ಫೋಟೋ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋ ನೋಡಿದರು. "ಅವರೇ ಬರಬೇಕಮ್ಮ" ಅಂದರು. ಈಗ ನಗು ಬರುತ್ತದೆ. ಆಗ ಬರಲಿಲ್ಲ.

ನಿದ್ದೆಯ ಕತೆ ಇನ್ನೂ ಚೆನ್ನಾಗಿದೆ. ಚೀಟಿಯಲ್ಲಿ ದಿನಕ್ಕೆ 10 ಮಿಲಿಗ್ರಾಂನ ಆರು ಮಾತ್ರೆ ಅಂತ ಇತ್ತು. ಯಾವಾಗ ಅಂತ ಇರಲಿಲ್ಲ. ನಾನು ಬೆಳಿಗ್ಗೆ ಮೂರು, ರಾತ್ರಿ ಮೂರು ಅಂತ ಸಮನಾಗಿ ಹಂಚಿಕೊಂಡೆ. ಗಣಿತದವಳಲ್ವಾ! ರಾತ್ರಿ ಎರಡು ಗಂಟೆಗೆ ಕಣ್ಣು ಪಟ್ಟನೆ ತೆರೆಯುತ್ತಿತ್ತು. ಎದೆ ಡವಡವ, ಹೊಟ್ಟೆಯಲ್ಲಿ ಬೆಂಕಿ ಬಿದ್ದಂಥ ಹಸಿವು. ಎದ್ದು ಸಿಕ್ಕಿದ್ದು ತಿನ್ನುತ್ತಿದ್ದೆ. ಆಮೇಲೆ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ನನ್ನ ನೌಕರಿಯಲ್ಲೇ ಅಷ್ಟು ಬೇಗ ತಿದ್ದಿ ಮುಗಿಸಿದ್ದು ಅದೇ ಮೊದಲು. ನಮ್ಮ ದೇಹ ಕಾರ್ಟಿಸಾಲ್ ಅನ್ನುವ ಹಾರ್ಮೋನನ್ನು ಬೆಳಗಿನ ಜಾವ ಜಾಸ್ತಿ, ರಾತ್ರಿ ಕಡಿಮೆ ತಯಾರಿಸುತ್ತದೆ. ಈ ಮಾತ್ರೆ ಅದರದೇ ಕೆಲಸ ಮಾಡುತ್ತದೆ. ಹಾಗಾಗಿ ಸಾಮಾನ್ಯವಾಗಿ ಬೆಳಿಗ್ಗೆಯೇ ತಗೊಳ್ಳಲು ಹೇಳುತ್ತಾರೆ. ಇದು ನನಗೆ ತಿಳಿದದ್ದು ಐದನೇ ವಾರದಲ್ಲಿ.

ಡೋಸ್ ಇಳಿಸುವ ಚೀಟಿಯನ್ನಂತೂ ನೀವೇ ನೋಡಬೇಕಿತ್ತು. 50, ಪಕ್ಕದಲ್ಲಿ 2/52. ಕೆಳಗೆ 40, ಮತ್ತೆ 2/52. ಭಿನ್ನರಾಶಿ ಅಂದುಕೊಂಡೆ. ಸಂಕ್ಷೇಪಿಸಿದೆ, ಒಂದರ ಮೇಲೆ ಇಪ್ಪತ್ತಾರು ಬಂತು. 50ರ ಇಪ್ಪತ್ತಾರನೇ ಒಂದು ಭಾಗ ಇಳಿಸಬೇಕೇನೋ ಅಂತ ಒಂದು ಸಂಜೆ ಪೂರ್ತಿ ತಲೆ ಕೆಡಿಸಿಕೊಂಡೆ. ವರ್ಷಕ್ಕೆ 52 ವಾರ, ಅದರಲ್ಲಿ ಎರಡು, ಅಂದರೆ ಎರಡು ವಾರ ಅಂತ ಡಾಕ್ಟರುಗಳ ನಡುವಿನ ಸಂಕೇತವಂತೆ. ಅವರವರೇ ಬರೆದುಕೊಳ್ಳಲಿ, ನನ್ನದೇನೂ ಅಭ್ಯಂತರವಿಲ್ಲ. ರೋಗಿಯ ಕೈಗೆ ಕೊಡುವ ಚೀಟಿಯಲ್ಲಿ 'ಎರಡು ವಾರ' ಅಂತ ಬರೆದರೆ ಶಾಯಿ ಎಷ್ಟು ಖರ್ಚಾದೀತು?

ನಾಲ್ಕನೇ ತಿಂಗಳಲ್ಲಿ ವಿಪರೀತ ಬಾಯಾರಿಕೆ. ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆ ಮಾಡಿಸಿದೆ, ಸರಿ ಇತ್ತು. ಸುಮ್ನೆ ಚಿಂತೆ ಮಾಡ್ತಿದ್ದೀರಿ ಅಂದರು. ಬೆಳಿಗ್ಗೆ ಸ್ಟೀರಾಯ್ಡ್ ತಗೊಂಡವರಿಗೆ ಸಕ್ಕರೆ ಏರುವುದು ಮಧ್ಯಾಹ್ನದ ಮೇಲೆ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಅದು ಇಳಿದಿರುತ್ತದೆ. ಮಧ್ಯಾಹ್ನ ಊಟವಾಗಿ ಎರಡು ಗಂಟೆಯ ನಂತರ ನೋಡಿದಾಗ 240 ದಾಟಿತ್ತು. ಪರೀಕ್ಷೆ ತಪ್ಪಿರಲಿಲ್ಲ, ಮಾಡಿದ ಹೊತ್ತು ತಪ್ಪಿತ್ತು.

ಈಗ ನಾನೇ ಮಾಡಿದ ತಪ್ಪಿಗೆ ಬರುತ್ತೇನೆ. ಮುಚ್ಚಿಟ್ಟರೆ ಈ ಪತ್ರಕ್ಕೆ ಅರ್ಥವಿಲ್ಲ. ಏಳನೇ ತಿಂಗಳಲ್ಲಿ ದಿನಕ್ಕೆ 15 ಮಿಲಿಗ್ರಾಂಗೆ ಬಂದಿದ್ದೆ. ಪಟ್ಟಿ ಹಳದಿಯೇ ಇತ್ತು. ಮುಖ ಮಾತ್ರ ಇನ್ನೂ ಹುಣ್ಣಿಮೆ ಚಂದ್ರ. ಕೆಳಗೆ ಕೂತರೆ ಏಳಲು ಗೋಡೆ ಹಿಡಿಯಬೇಕು, ತೊಡೆಯಲ್ಲಿ ಬಲವೇ ಇಲ್ಲ. ಕಾಯಿಲೆ ಹೋಗಿದೆ, ಇನ್ಯಾಕೆ ಈ ಗೋಳು ಅಂತ ಒಂದು ಭಾನುವಾರ ಮಾತ್ರೆ ನಿಲ್ಲಿಸಿದೆ. ಯಾರನ್ನೂ ಕೇಳಲಿಲ್ಲ.

ಮಂಗಳವಾರ ಮೈ ಭಾರ. ಬುಧವಾರ ವಾಂತಿ. ಗುರುವಾರ ಬೆಳಿಗ್ಗೆ ಬಚ್ಚಲಿನ ಬಾಗಿಲ ಹತ್ತಿರ ಕುಸಿದೆ. ತುರ್ತು ವಿಭಾಗದಲ್ಲಿ ರಕ್ತದೊತ್ತಡ ಮೇಲಿನದು 80. ಕರ್ತವ್ಯದಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ನಮ್ಮ ಮನೆಯವರನ್ನು ಕೇಳಿದರು: "ಯಾವುದಾದ್ರೂ ಮಾತ್ರೆ ತಗೋತಿದ್ರಾ?" "ಕಿಡ್ನಿಗೆ ಏನೋ ತಗೋತಿದ್ಳು." "ಸ್ಟೀರಾಯ್ಡಾ?" "ಇಲ್ಲ ಇಲ್ಲ, ಅಂಥದ್ದೆಲ್ಲ ಏನೂ ಇಲ್ಲ."

ಅವರು ಸುಳ್ಳು ಹೇಳಲಿಲ್ಲ. ಅವರ ಪಾಲಿಗೆ ಸ್ಟೀರಾಯ್ಡ್ ಅಂದರೆ ಕುಸ್ತಿಪಟುಗಳು ಕದ್ದು ಚುಚ್ಚಿಕೊಳ್ಳುವ ವಸ್ತು. ನಾನು ತಿನ್ನುತ್ತಿದ್ದ ಮಾತ್ರೆಗೂ ಅದೇ ಹೆಸರು, ಆದರೆ ಅದು ಬೇರೆ ಜಾತಿ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ವಾಂತಿ, ನಿತ್ರಾಣ, ಇಳಿದ ಒತ್ತಡ. ಹೊಟ್ಟೆಯ ಸೋಂಕು ಅಂತ ಡ್ರಿಪ್ ಹಾಕಿದರು. ಒಂದು ಗಂಟೆ ಹಾಗೇ ಹೋಯಿತು. ಆಮೇಲೆ ಮಗಳು ನನ್ನ ಶಾಲೆಯ ಚೀಲದಲ್ಲಿ ಗುರುತಿನ ಚೀಟಿ ಹುಡುಕುವಾಗ ಸೀಮೆಸುಣ್ಣದ ಡಬ್ಬಿಯಲ್ಲಿ ಮಾತ್ರೆಯ ಖಾಲಿ ಸ್ಟ್ರಿಪ್ ಸಿಕ್ಕಿತು. ಅದನ್ನು ನೋಡಿದ್ದೇ ಡಾಕ್ಟರು ಎದ್ದು ನಿಂತರಂತೆ. 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಚುಚ್ಚಿದರು. ಕಾರ್ಟಿಸಾಲನ್ನೇ ಔಷಧಿಯಾಗಿ ಕೊಡುವಾಗ ಇರುವ ಹೆಸರು ಅದು. ಸಂಜೆಗೆ ನಾನು ಎದ್ದು ಕೂತೆ.

ಆಗಿದ್ದು ಇಷ್ಟು. ಕಿಡ್ನಿಗಳ ಮೇಲೆ ಟೋಪಿಯ ಹಾಗೆ ಕೂತಿರುವ ಎರಡು ಪುಟ್ಟ ಗ್ರಂಥಿಗಳು ಕಾರ್ಟಿಸಾಲ್ ತಯಾರಿಸುತ್ತವೆ. ದಿನವೊಂದಕ್ಕೆ ಅವು ತಯಾರಿಸುವುದು ಸುಮಾರು 5 ಮಿಲಿಗ್ರಾಂ ಪ್ರೆಡ್ನಿಸೊಲೋನಿಗೆ ಸಮ. ನಾನು ಶುರು ಮಾಡಿದ್ದು ಅದರ ಹನ್ನೆರಡು ಪಟ್ಟು. ಹೊರಗಿನಿಂದ ಇಷ್ಟು ಬರುತ್ತಿದ್ದರೆ ಒಳಗಿನವು ಕೆಲಸ ನಿಲ್ಲಿಸಿ ಮಲಗಿಬಿಡುತ್ತವೆ. ಮೂರು ನಾಲ್ಕು ವಾರಕ್ಕಿಂತ ಹೆಚ್ಚು ತಗೊಂಡರೆ ಹೀಗಾಗಬಹುದು. ಎಬ್ಬಿಸಲು ನಿಧಾನವಾಗಿ ಡೋಸ್ ಇಳಿಸಬೇಕು, ಕೆಲವರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಥಟ್ಟನೆ ನಿಲ್ಲಿಸಿದರೆ ಒಳಗೂ ಇಲ್ಲ, ಹೊರಗೂ ಇಲ್ಲ. ಜೀವವೇ ಹೋಗಬಹುದು. ಮಾತ್ರೆ ಬಿಡದವರಿಗೂ ಜೋರು ಜ್ವರ ಬಂದರೆ, ಆಪರೇಷನ್ ಆದರೆ ಡೋಸ್ ಏರಿಸಬೇಕಾಗುತ್ತದೆ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಇಂಜೆಕ್ಷನ್ ಬೇಕು.

ಸಚಿವರೇ, ಇದು ನಿನ್ನೆ ಮೊನ್ನೆ ಕಂಡುಹಿಡಿದ ಗುಟ್ಟಲ್ಲ. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಅವರು ಕೀಲುವಾತದಿಂದ ಹಾಸಿಗೆ ಹಿಡಿದಿದ್ದ 29 ವರ್ಷದ ಹೆಂಗಸಿಗೆ ಮೊದಲ ಬಾರಿ ಕಾರ್ಟಿಸೋನ್ ಅನ್ನುವ, ಇದೇ ಜಾತಿಯ ಸ್ಟೀರಾಯ್ಡ್ ಕೊಡಿಸಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು. 1950ರಲ್ಲಿ ಹೆಂಚ್, ಈ ಹಾರ್ಮೋನುಗಳ ಮೇಲೆ ಕೆಲಸ ಮಾಡಿದ್ದ ವಿಜ್ಞಾನಿಗಳಾದ ಕೆಂಡಲ್, ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಆ ಸಂಭ್ರಮದ ಬೆನ್ನಿಗೇ ಊದಿದ ಮುಖ, ಏರಿದ ಸಕ್ಕರೆ, ಟೊಳ್ಳಾದ ಮೂಳೆ ಎಲ್ಲ ಕಾಣಿಸಿಕೊಂಡವು. ವೈದ್ಯರಿಗೆ ಎಪ್ಪತ್ತು ವರ್ಷಕ್ಕೂ ಮೇಲಿನಿಂದ ಗೊತ್ತಿರುವ ಸಂಗತಿ ನನ್ನ ಅಡುಗೆಮನೆಗೆ ಮಾತ್ರ ತಲುಪಿರಲಿಲ್ಲ. ಮೂಳೆ ಸವೆಯುವುದು ಮೊದಲ ಆರು ತಿಂಗಳಲ್ಲೇ ಜಾಸ್ತಿ. ನನಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಬರೆದುಕೊಟ್ಟದ್ದು ಎಂಟನೇ ತಿಂಗಳಲ್ಲಿ, ಅದೂ ಕುಸಿದು ಬಿದ್ದ ಮೇಲೆ. ಕಣ್ಣಿಗೆ ಪೊರೆ ಬರಬಹುದು, ಕಣ್ಣಿನ ಒತ್ತಡ ಏರಬಹುದು, ಆಗಾಗ ತೋರಿಸಿ ಅಂದದ್ದೂ ಆಗಲೇ.

ನಿಮ್ಮ ಅಧಿಕಾರಿಗಳು ಏನು ಹೇಳಬಹುದು ಅಂತ ನನಗೆ ಅಂದಾಜಿದೆ. ಪೆಟ್ಟಿಗೆಯೊಳಗೆ ಮಾಹಿತಿ ಹಾಳೆ ಇರುತ್ತದಲ್ಲ ಅನ್ನುತ್ತಾರೆ. ಇರುತ್ತದೆ. ಎಂಟು ಮಡಿಕೆ, ಇರುವೆ ಸಾಲಿನಂಥ ಅಕ್ಷರ. ಹತ್ತರಲ್ಲಿ ಒಬ್ಬರಿಗೆ ಆಗುವುದೂ ಸಾವಿರಕ್ಕೊಬ್ಬರಿಗೆ ಆಗುವುದೂ ಒಂದೇ ಉಸಿರಿನಲ್ಲಿ. ಯಾವುದಕ್ಕೆ ಹೆದರಬೇಕು, ಯಾವುದನ್ನು ನಕ್ಕು ಬಿಡಬೇಕು ಅಂತ ಅದು ಹೇಳುವುದಿಲ್ಲ. ಎಲ್ಲ ಹೇಳಿದರೆ ರೋಗಿಗಳು ಹೆದರಿ ಮಾತ್ರೆ ಬಿಡುತ್ತಾರೆ ಅಂತಲೂ ಅನ್ನುತ್ತಾರೆ. ನಾನು ಬಿಟ್ಟದ್ದು ಹೇಳಿದ್ದಕ್ಕಲ್ಲ, ಹೇಳದೆ ಇದ್ದದ್ದಕ್ಕೆ. ಮುಖ ಇಳಿಯುತ್ತದೆ ಅನ್ನುವ ನಂಬಿಕೆ ಗಟ್ಟಿಯಾಗಿದ್ದು, ಬಿಟ್ಟರೆ ಬೀಳುತ್ತೇನೆ ಅಂತಲೂ ಗೊತ್ತಿದ್ದರೆ ಇನ್ನೊಂದಿಷ್ಟು ತಿಂಗಳು ಕನ್ನಡಿ ನೋಡದೆ ಕಳೆಯುತ್ತಿದ್ದೆ.

ಹೊಸ ಆಸ್ಪತ್ರೆ ಕಟ್ಟಿ ಅಂತ ಕೇಳುತ್ತಿಲ್ಲ. ಇಂಗ್ಲೆಂಡಿನಲ್ಲಿ ದೀರ್ಘಕಾಲ ಸ್ಟೀರಾಯ್ಡ್ ತಗೊಳ್ಳುವವರಿಗೆ ನೀಲಿ ಕಾರ್ಡ್ ಕೊಡುವ ರೂಢಿ ಹಿಂದಿನಿಂದಲೂ ಇದೆ. 2020ರಲ್ಲಿ ಅದರ ಜೊತೆಗೆ ತುರ್ತು ಸಮಯದ ಕಾರ್ಡೂ ಬಂತು. ತುರ್ತು ವಿಭಾಗದ ಡಾಕ್ಟರು ಒಮ್ಮೆ ಕಣ್ಣು ಹಾಯಿಸಿದರೆ ಏನು ಮಾಡಬೇಕು ಅಂತ ತಿಳಿಯುತ್ತದೆ. ಅಂಥದ್ದೊಂದನ್ನು ನಮಗೂ ಕೊಡಿಸಿ. ಮೂರು ವಾರಕ್ಕಿಂತ ಹೆಚ್ಚು ದಿನಕ್ಕೆ ಸ್ಟೀರಾಯ್ಡ್ ಬರೆದರೆ ಮಾತ್ರೆಯ ಜೊತೆ ಕಾರ್ಡೂ ಕೈಗೆ ಬರಲಿ. ನಮ್ಮ ಭಾಷೆಯಲ್ಲಿರಲಿ, ದಪ್ಪ ಅಕ್ಷರದಲ್ಲಿರಲಿ. ಕೊಡುವವರು ರೋಗಿಯ ಜೊತೆ ಬಂದವರನ್ನೂ ಕರೆದು ಓದಿ ಹೇಳಲಿ. ನಮ್ಮ ಮನೆಯಲ್ಲಿ ಎಡವಿದ್ದು ಅಲ್ಲೇ. ಕುಸಿದು ಬಿದ್ದವಳು ನಾನು, ಉತ್ತರ ಹೇಳಬೇಕಾದವರು ಅವರು.

ಇನ್ನೊಂದು ಮಾತು. ಗರ್ಭಿಣಿಯರು ತಗೊಂಡ ಥ್ಯಾಲಿಡೊಮೈಡ್ ಅನ್ನುವ ಮಾತ್ರೆಯಿಂದ ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದ ದುರಂತದ ಬಳಿಕ ಬ್ರಿಟನ್ನಿನಲ್ಲಿ 1964ರಲ್ಲಿ ಅಡ್ಡಪರಿಣಾಮ ವರದಿ ಮಾಡಲು ಹಳದಿ ಕಾರ್ಡ್ ಶುರುವಾಯಿತು. ಮೊದಲು ಡಾಕ್ಟರುಗಳಿಗಷ್ಟೇ ಇತ್ತು, ಈಗ ರೋಗಿಗಳೂ ತಾವೇ ಬರೆದು ಕಳಿಸಬಹುದು. ನಾನು ಓಡಾಡಿದ ಯಾವ ಕೌಂಟರಿನಲ್ಲೂ ಅಂಥ ಫಾರಂ ಕಾಣಲಿಲ್ಲ. ಸಲಹೆ ಪೆಟ್ಟಿಗೆಯೊಂದಿತ್ತು, ಅದಕ್ಕೆ ಬೀಗವಿತ್ತು, ಚೀಟಿ ಹಾಕುವ ಸಂದಿಯ ಮೇಲೆ ಟೇಪ್ ಅಂಟಿಸಿತ್ತು.

ಮಾತ್ರೆ ನಿಲ್ಲಿಸಿದ ತಪ್ಪಿಗೆ ಪಟ್ಟಿ ಮತ್ತೆ ಹಸಿರಾಯಿತು. ಮತ್ತೆ 60ರಿಂದ ಶುರು ಮಾಡಿ, ಮೆಟ್ಟಿಲು ಇಳಿದ ಹಾಗೆ ಈಗ 5ಕ್ಕೆ ಬಂದಿದ್ದೇನೆ. ಸರ್ಕಾರದ ಕಾರ್ಡ್ ಬರುವವರೆಗೆ ಇರಲಿ ಅಂತ ನಾನೇ ಒಂದು ಮಾಡಿಕೊಂಡಿದ್ದೇನೆ. ರಟ್ಟಿನ ತುಂಡಿನ ಮೇಲೆ ಬರೆದು ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದು. ಅದರಲ್ಲಿರುವುದು ಹೀಗೆ:

"ನಾನು ದಿನಾ ಪ್ರೆಡ್ನಿಸೊಲೋನ್ ತಗೊಳ್ಳುತ್ತೇನೆ. ಇದು ಸ್ಟೀರಾಯ್ಡ್. ದಯವಿಟ್ಟು ನಿಲ್ಲಿಸಬೇಡಿ. ನಾನು ಎಚ್ಚರ ತಪ್ಪಿದ್ದರೆ ಅಥವಾ ವಾಂತಿ ಮಾಡುತ್ತಿದ್ದರೆ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಬೇಕಾಗಬಹುದು. ತಕ್ಷಣ ಡಾಕ್ಟರಿಗೆ ತೋರಿಸಿ."

ಒಂದು ನನ್ನ ಪರ್ಸಿನಲ್ಲಿದೆ, ಒಂದು ನಮ್ಮ ಮನೆಯವರ ಜೇಬಿನಲ್ಲಿ, ಇನ್ನೊಂದು ಶಾಲೆಯಲ್ಲಿ ಸೀಮೆಸುಣ್ಣದ ಡಬ್ಬಿಯಲ್ಲಿ. ನಾಲ್ಕನೆಯದನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ, ಮಾದರಿಗೆ. ಅಕ್ಷರ ಸ್ವಲ್ಪ ಸೊಟ್ಟಗಿದೆ. ಮತ್ತೆ 60 ಶುರುವಾಗಿ ನಿದ್ದೆ ಬಾರದ ರಾತ್ರಿಗಳಲ್ಲಿ ಬರೆದದ್ದು.

ಇಂತಿ,
ಒಬ್ಬ ಗಣಿತ ಶಿಕ್ಷಕಿ