ಡಿಟಿಎಸ್ ಪ್ಯಾಕೇಜುಗಳ ವರ್ಗಾವಣೆಯಲ್ಲಿನ ಲೋಪಗಳ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಡೇಟಾಬೇಸ್ ಸೇವಾ ವಿಭಾಗ

ವಿಷಯ: ಎಸ್‌ಕ್ಯೂಎಲ್ ಸರ್ವರ್ 2000ದ ಡಿಟಿಎಸ್ ಪ್ಯಾಕೇಜುಗಳನ್ನು (ಮಾಹಿತಿಯನ್ನು ಡೇಟಾಬೇಸ್‌ಗೆ ತುಂಬುವ ಪ್ರೋಗ್ರಾಂಗಳು) 2019ರ ಎಸ್‌ಎಸ್‌ಐಎಸ್‌ಗೆ (ಅದೇ ಕೆಲಸದ ಹೊಸ ಉಪಕರಣ) ಸಾಗಿಸುವ ಕೆಲಸ ಅಪೂರ್ಣವಾಗಿರುವುದು

ಮಾನ್ಯರೇ,

ನಮ್ಮ ಹಾಲು ಒಕ್ಕೂಟದ 41 ಪ್ಯಾಕೇಜುಗಳ ವರ್ಗಾವಣೆ ಪೂರ್ತಿಯಾಗಿದೆ ಎಂದು ನೀವು ಕೊಟ್ಟಿರುವ ವರದಿಯನ್ನು ನಾವು ಒಪ್ಪುವುದಿಲ್ಲ. ಅವುಗಳಲ್ಲಿ 17 ವರ್ಗಾವಣೆಯೇ ಆಗಿಲ್ಲ. ಉಳಿದವುಗಳಲ್ಲೂ ಕೆಲವು ತಪ್ಪು ಲೆಕ್ಕ ಕೊಡುತ್ತಿವೆ.

ಆ 17 ಡಿಟಿಎಸ್‌ಎಕ್ಸ್ (ಎಸ್‌ಎಸ್‌ಐಎಸ್ ಪ್ಯಾಕೇಜಿನ) ಫೈಲುಗಳನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ‘ಎಕ್ಸೆಕ್80ಪ್ಯಾಕೇಜ್‌ಟಾಸ್ಕ್’ ಎಂದು ಹುಡುಕಿ, ಪ್ರತಿಯೊಂದರಲ್ಲೂ ಸಿಗುತ್ತದೆ. ಅದು ಹಳೇ ಡಿಟಿಎಸ್ ಪ್ಯಾಕೇಜನ್ನೇ ಓಡಿಸುವ ಟಾಸ್ಕ್. ಡೇಟಾ ಡ್ರಿವನ್ ಕ್ವೆರಿ, ಆಕ್ಟಿವ್‌ಎಕ್ಸ್ ಸ್ಕ್ರಿಪ್ಟ್ ಇರುವ ಡೇಟಾ ಪಂಪ್ ಇಂಥ ಡಿಟಿಎಸ್ ಟಾಸ್ಕುಗಳನ್ನು ಮೈಗ್ರೇಶನ್ ವಿಝರ್ಡ್ (ಹಳೇ ಪ್ಯಾಕೇಜನ್ನು ಹೊಸದಕ್ಕೆ ಬದಲಿಸುವ ಟೂಲ್) ಬಿಡಿಸಿ ಬರೆಯುವುದಿಲ್ಲ. ಹಳೆಯದನ್ನು ಇದ್ದ ಹಾಗೇ ಹೊಸ ಪ್ಯಾಕೇಜಿನ ಹೊಟ್ಟೆಯಲ್ಲಿಟ್ಟು, ಡಿಟಿಎಸ್ ರನ್‌ಟೈಮ್‌ನಿಂದ (ಹಳೇ ಪ್ಯಾಕೇಜು ಓಡಲು ಬೇಕಾದ ಸಾಫ್ಟ್‌ವೇರ್) ಓಡಿಸುತ್ತದೆ. ವಿಝರ್ಡ್‌ಗಾಗಿ ನಡುವೆ ಹಾಕಿಕೊಂಡ 2008 ಆರ್2 ಸರ್ವರಿನಲ್ಲಿ ಆ ರನ್‌ಟೈಮ್ ಇತ್ತು, ಹಾಗಾಗಿ ಅಲ್ಲಿ ಎಲ್ಲ ಟಾಸ್ಕೂ ಹಸಿರಾಯಿತು. 2012ರ ಆವೃತ್ತಿಯಿಂದಲೇ ಅದನ್ನು ತೆಗೆದುಹಾಕಲಾಗಿದೆ. 2019ರಲ್ಲಿ ಓಡಬೇಕಾದ ಪ್ಯಾಕೇಜಿನ ಪರೀಕ್ಷೆಯನ್ನು 2008 ಆರ್2ನಲ್ಲಿ ಮುಗಿಸಿ ವರದಿ ಬರೆದದ್ದೇ ಮೊದಲ ತಪ್ಪು.

ಇದಕ್ಕಿಂತ ಗಂಭೀರವಾದದ್ದು ಎರರ್ ತೋರಿಸದೆ ಕೆಡುತ್ತಿರುವ ಲೆಕ್ಕ. ಸಂಘಗಳಿಂದ ಬರುವ ಟೆಕ್ಸ್ಟ್ ಫೈಲಿನಲ್ಲಿ ಸಂಘದ ಸಂಖ್ಯೆ, ಸದಸ್ಯರ ಸಂಖ್ಯೆ, ದಿನಾಂಕ, ಹೊತ್ತು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ), ಷರಾ ಎಂದು ಎಂಟು ಕಾಲಂ ಇವೆ. ಷರಾ ಇಲ್ಲದಿದ್ದರೆ ಎಷ್ಟೋ ಸಂಘಗಳು ಕೊನೆಯ ಅಲ್ಪವಿರಾಮವನ್ನೂ ಹಾಕುವುದಿಲ್ಲ. ಡಿಟಿಎಸ್ ಅಂಥ ಸಾಲನ್ನು ಅಲ್ಲಿಗೇ ಮುಗಿಸುತ್ತಿತ್ತು. ನಿಮ್ಮ ಫ್ಲ್ಯಾಟ್ ಫೈಲ್ ಕನೆಕ್ಷನ್‌ನಲ್ಲಿ ‘ಆಲ್ವೇಸ್ ಚೆಕ್ ಫಾರ್ ರೋ ಡಿಲಿಮಿಟರ್ಸ್’ ಫಾಲ್ಸ್ ಆಗಿದೆ. ಹಾಗಾಗಿ ಅದು ಅಲ್ಪವಿರಾಮ ಹುಡುಕುತ್ತಾ ಮುಂದಿನ ಸಾಲಿಗೆ ನುಗ್ಗುತ್ತದೆ. 47ನೇ ಸದಸ್ಯರ ಎಸ್‌ಎನ್‌ಎಫ್ ‘8.4’ರ ಬೆನ್ನಿಗೆ ಮುಂದಿನ ಸಾಲಿನ ಸಂಘದ ಸಂಖ್ಯೆ ಅಂಟಿಕೊಳ್ಳುತ್ತದೆ, 48ನೇ ಸದಸ್ಯರ ಉಳಿದ ಸಾಲು ಪೂರ್ತಿ 47ರ ಷರಾ ಕಾಲಂಗೆ ಹೋಗಿ ಬೀಳುತ್ತದೆ. ಎರರ್ ಔಟ್‌ಪುಟ್‌ನಲ್ಲಿ ‘ಇಗ್ನೋರ್ ಫೇಲ್ಯೂರ್’ ಇಟ್ಟಿದ್ದೀರಿ. ಹಾಗಾಗಿ 47ಕ್ಕೆ ಎಸ್‌ಎನ್‌ಎಫ್ ನಲ್ (ಖಾಲಿ) ಆಗುತ್ತದೆ, 48 ಆ ಹೊತ್ತು ಹಾಲೇ ಹಾಕಿಲ್ಲ ಎಂದಾಗುತ್ತದೆ. ಜಾಬ್ ಮಾತ್ರ ಸಕ್ಸಸ್ ತೋರಿಸುತ್ತದೆ. ಹಾಲು ಹಾಕಿದವರಿಗೆ ಬಟವಾಡೆಯಲ್ಲಿ ದುಡ್ಡು ಸಿಗದಿದ್ದರೆ ಉತ್ತರ ಕೊಡಬೇಕಾದವರು ಸಂಘದ ಕಾರ್ಯದರ್ಶಿಗಳು. ಆ ಸೆಟ್ಟಿಂಗನ್ನು ಟ್ರೂ ಮಾಡಿ. ತಪ್ಪು ಸಾಲುಗಳನ್ನು ಇಗ್ನೋರ್ ಮಾಡದೆ ಬೇರೆ ಟೇಬಲ್‌ಗೆ ರೀಡೈರೆಕ್ಟ್ ಮಾಡಿ.

ಸದಸ್ಯರ ಹೆಸರುಗಳ ಪಾಡೂ ಹೀಗೇ ಆಗಿದೆ. ಹಳೇ ಮಾಸ್ಟರ್ ಟೇಬಲ್‌ನಲ್ಲಿ ಹೆಸರು ಕನ್ನಡದಲ್ಲಿ, ಎನ್‌ವಾರ್‌ಚಾರ್ (ಯೂನಿಕೋಡ್ ಅಕ್ಷರ ಹಿಡಿಯುವ) ಕಾಲಂನಲ್ಲಿದೆ. ಹೊಸ ಟೇಬಲ್ಲನ್ನು ನೀವು ವಾರ್‌ಚಾರ್ ಮಾಡಿದಿರಿ. ಯೂನಿಕೋಡ್ ಹೊಂದುವುದಿಲ್ಲ ಎಂದು ಎಸ್‌ಎಸ್‌ಐಎಸ್ ಎರರ್ ಕೊಟ್ಟಾಗ ಟೇಬಲ್ ಸರಿಪಡಿಸುವ ಬದಲು ಸೋರ್ಸ್ ಕ್ವೆರಿಯಲ್ಲೇ ವಾರ್‌ಚಾರ್‌ಗೆ ಕಾಸ್ಟ್ (ಬಲವಂತ ಪರಿವರ್ತನೆ) ಮಾಡಿದಿರಿ. ಎರರ್ ಹೋಯಿತು, ಹೆಸರೂ ಹೋಯಿತು: ‘ನಂಜಮ್ಮ’ ಈಗ ಆರು ಪ್ರಶ್ನಾರ್ಥಕ ಚಿಹ್ನೆ. ಹೀಗೆ ಬಂದ ಚಿಹ್ನೆಗಳಿಂದ ಹೆಸರು ವಾಪಸ್ ತೆಗೆಯಲು ಬರುವುದಿಲ್ಲ. ಕಾಲಂ ಬದಲಿಸಿ, ಕಾಸ್ಟ್ ತೆಗೆದು, ಮೂಲದಿಂದಲೇ ಮತ್ತೆ ಲೋಡ್ ಮಾಡಬೇಕು.

ಆಯಾ ದಿನದ ಫೈಲಿನ ಹೆಸರು ಕೊಡುತ್ತಿದ್ದ ಡೈನಾಮಿಕ್ ಪ್ರಾಪರ್ಟೀಸ್ ಟಾಸ್ಕಿನ ಜಾಗದಲ್ಲಿ ವಿಝರ್ಡ್ ಒಂದು ಸ್ಕ್ರಿಪ್ಟ್ ಟಾಸ್ಕ್ ಇಟ್ಟಿದೆ. ಅದರೊಳಗೆ ಹಳೇ ಸೆಟ್ಟಿಂಗುಗಳು ಬರೀ ಕಾಮೆಂಟ್ ಆಗಿ ಉಳಿದಿವೆ, ಏನೂ ಕೆಲಸ ಮಾಡುವುದಿಲ್ಲ. ಪರೀಕ್ಷೆಯ ದಿನದ ಫೈಲೇ ಪ್ರತಿದಿನ ಲೋಡ್ ಆಗುತ್ತಿದೆ. ವೇರಿಯಬಲ್ ಒಂದನ್ನು ಮಾಡಿ, ಕನೆಕ್ಷನ್ ಸ್ಟ್ರಿಂಗ್‌ಗೆ ಎಕ್ಸ್‌ಪ್ರೆಶನ್ ಕೊಟ್ಟರೆ ಇದು ಸರಿಹೋಗುತ್ತದೆ.

ಪಾಸ್‌ವರ್ಡ್ ವಿಷಯ: ಪ್ರೊಟೆಕ್ಷನ್ ಲೆವೆಲ್ ಅನ್ನು ಡೀಫಾಲ್ಟ್ ಆದ ಯೂಸರ್ ಕೀಯಲ್ಲೇ ಬಿಟ್ಟಿದ್ದೀರಿ, ಹಾಗಾಗಿ ಪಾಸ್‌ವರ್ಡ್ ಪ್ಯಾಕೇಜ್ ಮಾಡಿದವರ ಲಾಗಿನ್‌ನಲ್ಲಿ ಮಾತ್ರ ಬಿಚ್ಚಿಕೊಳ್ಳುತ್ತದೆ. ನಿಮ್ಮ ಎಂಜಿನಿಯರರ ಲಾಗಿನ್‌ನಲ್ಲಿ ಓಡುವ ಪ್ಯಾಕೇಜ್ ರಾತ್ರಿ ತಾನಾಗಿ ಓಡುವ ಏಜೆಂಟ್ ಜಾಬಿನಲ್ಲಿ ಬೀಳುವುದು ಇದಕ್ಕೇ. ಎಸ್‌ಎಸ್‌ಐಎಸ್‌ಡಿಬಿ ಕ್ಯಾಟಲಾಗ್‌ಗೆ (ಸರ್ವರಿನಲ್ಲಿ ಪ್ಯಾಕೇಜು ಇಡುವ ಡೇಟಾಬೇಸ್) ಡೆಪ್ಲಾಯ್ ಮಾಡಿ, ಪಾಸ್‌ವರ್ಡನ್ನು ಎನ್ವಿರಾನ್ಮೆಂಟ್‌ನಲ್ಲಿ ಸೆನ್ಸಿಟಿವ್ ವೇರಿಯಬಲ್ ಆಗಿ ಇಡಿ.

ಆ 17 ಪ್ಯಾಕೇಜುಗಳನ್ನು ಡೇಟಾ ಫ್ಲೋ ಟಾಸ್ಕ್ ಆಗಿ ಹೊಸದಾಗಿ ಬರೆದು, ಡಿಟಿಎಸ್‌ಎಕ್ಸ್ ಮೂಲ ಫೈಲುಗಳ ಸಮೇತ 15 ದಿನದೊಳಗೆ ಒಪ್ಪಿಸಬೇಕು. ನಂತರ ಒಂದು ಪೂರ್ತಿ ಬಟವಾಡೆ ಅವಧಿ ಹಳೇ ಮತ್ತು ಹೊಸ ಸರ್ವರುಗಳನ್ನು ಜೊತೆಯಲ್ಲೇ ಓಡಿಸಿ, ಪ್ರತಿ ಸಂಘದ, ಪ್ರತಿ ಹೊತ್ತಿನ ಸಾಲುಗಳ ಸಂಖ್ಯೆ ಮತ್ತು ಒಟ್ಟು ಲೀಟರ್ ಎರಡೂ ಕಡೆ ತಾಳೆಯಾಗಬೇಕು. ಸಾಲಿನ ಸಂಖ್ಯೆಯೊಂದೇ ಸಾಲದು, ಫ್ಯಾಟ್ ಮತ್ತು ಎಸ್‌ಎನ್‌ಎಫ್‌ನಲ್ಲಿ ನಲ್ ಎಷ್ಟಿವೆ ಎಂಬುದನ್ನೂ ಎಣಿಸಿ ಕೊಡಿ. ಅಲ್ಲಿಯವರೆಗೆ ಹಳೇ ಸರ್ವರ್ ನಿಲ್ಲಿಸುವುದಿಲ್ಲ, ಕೊನೆಯ ಕಂತಿನ ಬಿಲ್ಲನ್ನೂ ತಡೆಹಿಡಿದಿದ್ದೇವೆ.

ಇಂತಿ,
ಕಂಪ್ಯೂಟರ್ ವಿಭಾಗದ ಪರವಾಗಿ