ಅಗ್ಗದ ಮಾಲು ಕಳಪೆಯೇ ಆಗಬೇಕೆಂದಿಲ್ಲ

ಮಾನ್ಯ ಸಂಪಾದಕರೇ,

ತಿಂಗಳ ಸಾಮಾನಿಗೆ ಕೇರಳದ ನಮ್ಮ ಕಾಸರಗೋಡು ಜಿಲ್ಲೆಯ ಉಪ್ಪಳ, ಮಂಜೇಶ್ವರದ ಕಡೆಯಿಂದ ಮಂಗಳೂರಿನ ದೊಡ್ಡ ಮಳಿಗೆಗಳಿಗೆ ಹೋಗುವವರಿದ್ದಾರೆ. ಅಷ್ಟು ಅಗ್ಗವಾದರೆ ಮಾಲು ಕಳಪೆಯೇ ಇರಬೇಕು ಎಂಬ ಅನುಮಾನವೂ ಇದೆ. ಹಾಗೇನೂ ಇಲ್ಲ.

ವಾರ್ಷಿಕ ಶುಲ್ಕ ಕಟ್ಟಿದ ಸದಸ್ಯರಿಗೆ ಮಾರುವ ಅಮೆರಿಕದ ಕಾಸ್ಟ್‌ಕೊ ಮಳಿಗೆಯನ್ನೇ ನೋಡಿ. ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ಸುಮಾರು 30,000 ಬಗೆಯ ಸರಕಿದ್ದರೆ ಅಲ್ಲಿ 4,000ದ ಆಸುಪಾಸು. ಒಂದೊಂದು ಸರಕನ್ನೂ ರಾಶಿ ರಾಶಿಯಾಗಿ ಕೊಳ್ಳುವುದರಿಂದ ತಯಾರಕರ ಬಳಿ ದರ ಇಳಿಸಬಹುದು, ಮಾಲು ಹಳತಾಗುವ ಮೊದಲೇ ಖಾಲಿಯಾಗುತ್ತದೆ. ಕೊಂಡ ಬೆಲೆಯ ಮೇಲೆ ಹೆಚ್ಚೆಂದರೆ ಸುಮಾರು ಶೇ. 14, ಸ್ವಂತ ಬ್ರಾಂಡಿಗೆ ಶೇ. 15 ಮಾತ್ರ ಏರಿಸುವುದು ಅವರ ಕಟ್ಟುಪಾಡು. ಲಾಭದ ದೊಡ್ಡ ಪಾಲು ಸದಸ್ಯರ ವಾರ್ಷಿಕ ಶುಲ್ಕದಿಂದ ಬರುತ್ತದೆ. ಬೇಳೆಯಲ್ಲಿ ಹುಳು ಕಂಡ ಸದಸ್ಯ ಮರುವರ್ಷ ಶುಲ್ಕ ಕಟ್ಟುವುದಿಲ್ಲ. ಗುಣಮಟ್ಟ ಕಾಯುವುದು ಅವರಿಗೆ ಅನಿವಾರ್ಯ.

ನಮ್ಮ ಸಹಕಾರಿ ಸಂಘಗಳಿಗೆ ಸದಸ್ಯರು ಈಗಾಗಲೇ ಇದ್ದಾರೆ. ಆದರೂ ಅವುಗಳ ಅಂಗಡಿಗಳಲ್ಲಿ ಎಂಟು ಬಗೆಯ ಸಾಬೂನು ಧೂಳು ಹಿಡಿದು ಕೂತಿರುತ್ತದೆ, ಕುಚ್ಚಲಕ್ಕಿ ಮಾತ್ರ ಯಾವಾಗ ಕೇಳಿದರೂ ಮುಗಿದಿರುತ್ತದೆ. ಅಕ್ಕಪಕ್ಕದ ನಾಲ್ಕೈದು ಸಂಘಗಳು ಸೇರಿ ಅಕ್ಕಿ, ಉದ್ದು, ಸಕ್ಕರೆ, ಮೆಣಸು, ತೆಂಗಿನೆಣ್ಣೆಯಂಥ 150 ಸಾಮಾನುಗಳನ್ನಷ್ಟೇ ಒಟ್ಟಾಗಿ ಕೊಳ್ಳಲಿ. ಲಾರಿಯಿಂದ ಇಳಿಸುವ ಮೊದಲು ಬೇರೆ ಬೇರೆ ಸಾಲಿನ ಗೋಣಿಗಳಿಂದ ಮಾದರಿ ತೆಗೆದು ಅಕ್ಕಿಯ ತೇವಾಂಶ ಅಳೆಯಲಿ. ಶೇ. 14 ಮೀರಿದ ಅಕ್ಕಿ ನಮ್ಮ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಅದನ್ನು ವಾಪಸು ಕಳಿಸಬೇಕು. ಗೋಣಿಗಳನ್ನು ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣಾದರೂ ದೂರ ಪೇರಿಸಬೇಕು. ಹೊಸ ಲೋಡನ್ನು ಹಿಂದಕ್ಕಿಟ್ಟು ಹಳತನ್ನು ಮೊದಲು ಮಾರಬೇಕು. ಈ ಕೊನೆಯದು ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ಬೇಳೆಗೆ ಹುಳು ಬೀಳುವುದೂ ಎಣ್ಣೆ ಕಮಟುವುದೂ ಮೂಲೆಯಲ್ಲಿ ಮರೆತ ದಾಸ್ತಾನಿನಿಂದಲೇ.

ಕೊಳ್ಳುವವರೂ ಪೊಟ್ಟಣದ ಗಾತ್ರ ನೋಡಿ ಮೋಸಹೋಗಬಾರದು. ಒಂದು ಲೀಟರ್ ಅಡುಗೆ ಎಣ್ಣೆಯ ತೂಕ ಸುಮಾರು 910 ಗ್ರಾಂ. ಅಷ್ಟೇ ದೊಡ್ಡದಾಗಿ ಕಾಣುವ ಪ್ಯಾಕೆಟಿನಲ್ಲಿ 750 ಅಥವಾ 800 ಗ್ರಾಂ ಇರಬಹುದು. ಎಂಆರ್‌ಪಿ ಪಕ್ಕದಲ್ಲಿ ಗ್ರಾಮಿಗೋ ಕಿಲೋಗೋ ಎಷ್ಟೆಂದು ಮುದ್ರಿಸಿರುವ ದರವನ್ನು ಹೋಲಿಸಿ. ಐದು ಕಿಲೋದ ಪೊಟ್ಟಣ ಒಂದು ಕಿಲೋದ ಐದಕ್ಕಿಂತ ದುಬಾರಿಯಾಗುವುದೂ ಉಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಳೆ, ರವೆ, ಹಿಟ್ಟನ್ನು ಒಂದು ತಿಂಗಳಿಗಾಗುವಷ್ಟೇ ತರುವುದು ಒಳ್ಳೆಯದು. ರಿಯಾಯಿತಿಯಲ್ಲಿ ಉಳಿಸಿದ ದುಡ್ಡು ಹುಳು ಹಿಡಿದ ರವೆಯಲ್ಲಿ ಹೋಗಿಬಿಡುತ್ತದೆ.

ಸಂಘಗಳ ಆಡಳಿತ ಮಂಡಳಿಗಳಲ್ಲಿ ಒಂದು ವಿನಂತಿ: ಪ್ರತಿ ಸಾಮಾನಿನ ಮುಂದೆಯೂ ಕಿಲೋ ದರ ಮತ್ತು ಸಂಘ ಕೊಂಡ ದರ ಎರಡನ್ನೂ ಬರೆದು ಹಾಕಿ. ಮಲಯಾಳದ ಜೊತೆ ಕನ್ನಡದಲ್ಲೂ ಬರೆದರೆ ನಮ್ಮ ಹಿರಿಯರು ಯಾರನ್ನೂ ಕೇಳದೆ ಓದಿಕೊಳ್ಳಬಹುದು.

- ಓದುಗ, ಬದಿಯಡ್ಕ